ಕರ್ತೃವಿಲ್ಲದ ಹಾಡೊಂದರ ಕರ್ತೃವಿಚಾರ

ಕೃತಿಯ ಕರ್ತೃ ಯಾರು, ಅದರ ಕಾಲ ಯಾವುದು, ಹುಟ್ಟಿದ ನೆಲ ಯಾವುದು ಎಂಬ ಪ್ರಶ್ನೆಗಳು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಹೊಸವಲ್ಲ. ‘ಕವಿರಾಜಮಾರ್ಗ’ವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯನ್ನು ಓದದೆ ಯಾರೂ ಪದವಿಯನ್ನು ಮುಗಿಸುವಂತಿಲ್ಲ. ಇವೇ ಪ್ರಶ್ನೆಗಳನ್ನು ಮೂರು ನಿಮಿಷದಷ್ಟು ಉದ್ದದ ಒಂದು ರಾಕ್ ಹಾಡಿನ ವಿಷಯದಲ್ಲಿ ಜಗತ್ತಿನ ನಾನಾ ಕಡೆಯ ಜನ 2007ರಿಂದ 2024ರವರೆಗೆ ಕೇಳುತ್ತಲೇ ಇದ್ದರು. ಅವರಲ್ಲಿ ಬಹುಮಂದಿ ವಿದ್ವಾಂಸರಲ್ಲ, ಆಟವೆಂದು ತೊಡಗಿದವರು. ಆದರೆ ಆಟ ಮುಂದುವರಿದಂತೆ ಅವರು ಹಿಡಿದ ದಾರಿ ನಮ್ಮ ಗ್ರಂಥಸಂಪಾದಕರ ದಾರಿಗೆ ಬಹಳ ಹತ್ತಿರ ಬಂದಿತು. ಆ ದಾರಿಯಲ್ಲಿ ಎಲ್ಲಿ ಎಡವಿದರು, ಎಲ್ಲಿ ಮುನ್ನಡೆದರು ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ಸಂಗತಿ ಹೀಗಿದೆ. 1980ರ ದಶಕದ ನಡುವೆ ಉತ್ತರ ಜರ್ಮನಿಯ ಹದಿಹರೆಯದ ಹುಡುಗನೊಬ್ಬ ರೇಡಿಯೋದಲ್ಲಿ ಬರುವ ಹೊಸ ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದನು. ಅವನು ಕೇಳುತ್ತಿದ್ದುದು ಎನ್‌ಡಿಆರ್ ಎಂದು ಹೆಸರಾದ ಉತ್ತರ ಜರ್ಮನಿಯ ಸಾರ್ವಜನಿಕ ಬಾನುಲಿಯನ್ನು. ಹಾಡು ಶುದ್ಧವಾಗಿ ಉಳಿಯಬೇಕೆಂಬ ಆಸೆಯಿಂದ ಅವನು ನಿರೂಪಕನ ಮಾತು ಬಾರದಂತೆ ಗುಂಡಿಯನ್ನು ಒತ್ತುತ್ತಿದ್ದನು. ಹಾಡು ಉಳಿಯಿತು, ಹಾಡಿದವರ ಹೆಸರು ಹೋಯಿತು. ಓಲೆಗರಿಯ ಕಟ್ಟಿನಲ್ಲಿ ಕವಿಯ ಹೆಸರು, ಗುರುವಿನ ಹೆಸರು, ಪ್ರತಿ ಮಾಡಿದ ದಿನ ಎಲ್ಲವೂ ಇರುವ ಕಡೆಯ ಗರಿಯೇ ಮುರಿದುಹೋದರೆ ಆಗುವ ನಷ್ಟವನ್ನು ನೀವು ಬಲ್ಲಿರಿ. ಇಲ್ಲಿ ಆದದ್ದು ಅದೇ. ವ್ಯತ್ಯಾಸವಿಷ್ಟೇ: ಅಲ್ಲಿ ಗೆದ್ದಲು ಮಾಡಿದ ಕೆಲಸವನ್ನು ಇಲ್ಲಿ ಸಂಗೀತದ ಮೇಲಿನ ಪ್ರೀತಿ ಮಾಡಿತು.

ಹೆಸರು ತಿಳಿಯದ ಹಾಡುಗಳು ಅವನ ಸಂಗ್ರಹದಲ್ಲಿ ಹಲವಿದ್ದವು. ಅವುಗಳಲ್ಲಿ ಹೆಚ್ಚಿನವು ಕಾಲಕ್ರಮದಲ್ಲಿ ಪತ್ತೆಯಾದವು, ಇದೊಂದು ಆಗಲಿಲ್ಲ. 2007ರಲ್ಲಿ ಅವನ ಸಹೋದರಿ ಹಾಡಿನ ತುಣುಕನ್ನು ಅಂತರಜಾಲದಲ್ಲಿ ಇಟ್ಟು ಬಲ್ಲವರು ಹೇಳಬೇಕೆಂದು ಕೇಳಿಕೊಂಡರು. ಬಹುಕಾಲ ಯಾರೂ ಹೇಳಲಿಲ್ಲ. 2019ರಲ್ಲಿ ಬ್ರೆಜಿಲಿನ ತರುಣನೊಬ್ಬ ಅದನ್ನು ಎಲ್ಲೆಡೆ ಹರಡಿದ ಮೇಲೆ, ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯೂ ಬರೆದ ಮೇಲೆ, ಊಹೆಯ ಆಟ ಭರದಿಂದ ಮೊದಲಾಯಿತು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಕೈಯಲ್ಲಿರುವ ಮೊಬೈಲು ಹಾಡನ್ನು ಕೇಳಿದ ಕೆಲವೇ ಕ್ಷಣಗಳಲ್ಲಿ ಹೆಸರು ಹೇಳುವ ಕಾಲದಲ್ಲಿ ಇಷ್ಟು ಪರದಾಟವೇಕೆ? ಷಜಾಮ್‌ನಂತಹ ಸಾಧನ ಕೆಲಸ ಮಾಡುವ ಬಗೆಯನ್ನು ತಿಳಿದರೆ ಉತ್ತರ ಸಿಗುತ್ತದೆ. ಅದು ಹಾಡನ್ನು ನಮ್ಮಂತೆ ಕೇಳುವುದಿಲ್ಲ. ಸದ್ದಿನಲ್ಲಿ ಯಾವ ಕ್ಷಣದಲ್ಲಿ ಯಾವ ಆವರ್ತನ ಎದ್ದು ತೋರುತ್ತದೆಂದು ಗುರುತಿಸಿ, ಅಂತಹ ಶಿಖರಗಳ ಜೋಡಿಗಳನ್ನು ಬೆರಳಚ್ಚಿನಂತೆ ಬರೆದಿಟ್ಟುಕೊಂಡು, ತನ್ನ ಭಂಡಾರದಲ್ಲಿರುವ ಬೆರಳಚ್ಚುಗಳೊಂದಿಗೆ ಹೋಲಿಸುತ್ತದೆ. ಭಂಡಾರದಲ್ಲಿ ಇಲ್ಲದ ಹಾಡು ಅದರ ಪಾಲಿಗೆ ಇಲ್ಲವೇ ಇಲ್ಲ. ಗ್ರಂಥಾಲಯದ ಸೂಚಿಯಲ್ಲಿ ಸೇರದ ಹಸ್ತಪ್ರತಿಯನ್ನು ಸೂಚಿಯಲ್ಲಿ ಹುಡುಕಿದಂತೆ. ಸಣ್ಣ ತಂಡಗಳು ಪ್ರಯೋಗಕ್ಕಾಗಿ ಮುದ್ರಿಸಿ ಬಾನುಲಿಗೆ ಕೊಟ್ಟ ಟೇಪುಗಳು ಯಾವ ಭಂಡಾರವನ್ನೂ ಸೇರಿರಲಿಲ್ಲ.

ಯಂತ್ರ ಕೈಬಿಟ್ಟ ಮೇಲೆ ಮನುಷ್ಯರ ಊಹೆಯೇ ಗತಿಯಾಯಿತು. ಮೊದಲ ವರ್ಷಗಳ ಊಹೆಯೆಲ್ಲ ಒಂದೇ ಬಗೆಯದು: ‘ಇದು ಇಂತಹ ತಂಡದ ದನಿಯಂತೆ ಇದೆ.’ ಹಾಡು ಇಂಗ್ಲಿಷಿನಲ್ಲಿತ್ತು, ಗಾಯಕನ ಕಂಠ ಗಂಭೀರವಾಗಿತ್ತು, ಆ ಕಾಲದ ನ್ಯೂ ವೇವ್ ತಂಡಗಳು ಹಲವು ಹಾಗೆಯೇ ಹಾಡುತ್ತಿದ್ದವು. ಉಚ್ಚಾರಣೆಯನ್ನು ಕೇಳಿ ಜರ್ಮನ್ ಎಂದವರಿದ್ದರು, ಆಸ್ಟ್ರಿಯದವನೆಂದವರಿದ್ದರು, ಪೂರ್ವ ಯುರೋಪಿನವನೆಂದು ಹಟ ಹಿಡಿದವರೂ ಇದ್ದರು. ಒಂದು ತಂಡವನ್ನು ಹೆಸರಿಸುವುದು, ಅದರ ಹಳೆಯ ಸದಸ್ಯರನ್ನು ಹುಡುಕಿ ಕೇಳುವುದು, ಅವರು ಅಲ್ಲವೆನ್ನುವುದು, ಮತ್ತೊಂದನ್ನು ಹೆಸರಿಸುವುದು – ಹೀಗೆ ವರ್ಷಗಳು ಉರುಳಿದವು.

ಈ ಬಗೆ ಏಕೆ ಫಲಿಸುವುದಿಲ್ಲ ಎಂಬುದಕ್ಕೆ ‘ಇಪ್ಪತ್ತು ಪ್ರಶ್ನೆ’ ಎಂಬ ಆಟವೇ ಉತ್ತರ. ಒಬ್ಬನು ಮನಸ್ಸಿನಲ್ಲಿ ಒಂದು ವಸ್ತುವನ್ನು ಇಟ್ಟುಕೊಳ್ಳುತ್ತಾನೆ. ಹೌದು ಅಥವಾ ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳಿಂದ ಮತ್ತೊಬ್ಬನು ಅದನ್ನು ಕಂಡುಹಿಡಿಯಬೇಕು. ಉಳಿದಿರುವ ಸಾಧ್ಯತೆಗಳನ್ನು ಪ್ರತಿಯೊಂದು ಪ್ರಶ್ನೆಯೂ ಸರಿಯಾಗಿ ಅರ್ಧಕ್ಕೆ ಇಳಿಸುವುದಾದರೆ, 20 ಪ್ರಶ್ನೆಗಳಿಂದ 10,48,576 ವಸ್ತುಗಳಲ್ಲಿ ಒಂದನ್ನು ಬೇರ್ಪಡಿಸಬಹುದು. ಎರಡನ್ನು ಇಪ್ಪತ್ತರ ಘಾತಕ್ಕೆ ಏರಿಸಿ ನೋಡಿ. ಆದರೆ ‘ಅದು ತೆಂಗಿನಕಾಯಿಯೇ?’ ‘ಅದು ಕೊಡೆಯೇ?’ ಎಂದು ಒಂದೊಂದನ್ನೇ ಹೆಸರಿಸುತ್ತ ಹೋದವನು ಇಪ್ಪತ್ತು ವಸ್ತುಗಳನ್ನು ಮಾತ್ರ ಕಳೆದಿರುತ್ತಾನೆ. ‘ಇದು ಆ ತಂಡವೇ?’ ಎಂಬುದು ಎರಡನೆಯ ಬಗೆಯ ಪ್ರಶ್ನೆ. ಅದು ತಪ್ಪಾದಾಗ ನಮಗೆ ತಿಳಿಯುವುದು ಏನೂ ಇಲ್ಲವೆಂಬಷ್ಟು ಕಡಿಮೆ.

ಹುಡುಕುವವರು ಹಾಡನ್ನು ಬಿಟ್ಟು ಹಾಡನ್ನು ಹೊತ್ತ ಕ್ಯಾಸೆಟ್ಟಿನ ಕಡೆಗೆ ತಿರುಗಿದಾಗ ಪ್ರಶ್ನೆಗಳ ಬಗೆ ಬದಲಾಯಿತು. ನನ್ನ ಎಣಿಕೆಯಲ್ಲಿ ಇಡೀ ಪ್ರಕರಣದ ಸತ್ವ ಇರುವುದು ಇಲ್ಲಿಯೇ. ಅದೇ ಕ್ಯಾಸೆಟ್ಟಿನಲ್ಲಿ ಹೆಸರು ಗೊತ್ತಿರುವ ಬೇರೆ ಹಾಡುಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಬಿಡುಗಡೆಯಾದುದು 1984ರ ಸುಮಾರಿಗೆ. ಮುದ್ರಿಸಿಕೊಂಡ ಟೆಕ್ನಿಕ್ಸ್ ಯಂತ್ರವನ್ನು ತಯಾರಿಸಿದ್ದೂ 1984ರಲ್ಲಿಯೇ. ಅಂದಮೇಲೆ ಮುದ್ರಣ ಅದಕ್ಕಿಂತ ಹಿಂದಿನದಾಗಲಾರದು. ಹಾಡಿನಲ್ಲಿ ಕೇಳುವ ಸಿಂತಸೈಜರಿನ ನಾದ ಯಮಾಹಾ ಡಿಎಕ್ಸ್7 ವಾದ್ಯದ್ದೆಂದು ಬಲ್ಲವರು ಗುರುತಿಸಿದರು. ಆ ವಾದ್ಯ ಮಾರುಕಟ್ಟೆಗೆ ಬಂದುದು 1983ರಲ್ಲಿ. ಆದುದರಿಂದ ಹಾಡಿನ ರಚನೆ ಯಾವಾಗಿನದೇ ಇರಲಿ, ಈ ಧ್ವನಿಮುದ್ರಣ 1983ಕ್ಕಿಂತ ಮೊದಲಿನದಲ್ಲ. ಇನ್ನೊಂದು ಸಾಕ್ಷ್ಯ ಇನ್ನೂ ಸೂಕ್ಷ್ಮವಾದುದು. ಸದ್ದಿನ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮಿನಲ್ಲಿ 10 ಕಿಲೋಹರ್ಟ್ಸಿನ ಹತ್ತಿರ ಸಣ್ಣದೊಂದು ಅಡ್ಡಗೆರೆ ಕಂಡಿತು. ಎನ್‌ಡಿಆರ್ ಪ್ರಸಾರದಿಂದ ಇಳಿಸಿಕೊಂಡ ಆ ಕಾಲದ ಬೇರೆ ಹಾಡುಗಳಲ್ಲಿಯೂ ಅದೇ ಗೆರೆ ಇತ್ತು. ಸಂಗೀತಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಪ್ರಸಾರದ ಹಾದಿಯಲ್ಲಿ ಅಂಟಿಕೊಂಡ ಕಲೆ ಅದು. ಆ ಕಲೆಯೇ ಹಾಡು ಯಾವ ನಿಲಯದಿಂದ ಬಂದಿತೆಂಬ ಮುದ್ರೆಯಾಯಿತು.

ಗಮನಿಸಿ: ಈ ಯಾವ ಪ್ರಶ್ನೆಯೂ ತಂಡದ ಹೆಸರನ್ನು ಕೇಳುವುದಿಲ್ಲ. ಹಿಂದೆಯೋ ಮುಂದೆಯೋ, ಒಳಗೋ ಹೊರಗೋ ಎಂದಷ್ಟೇ ಕೇಳುತ್ತದೆ. ಒಂದೊಂದು ಉತ್ತರಕ್ಕೂ ನೂರಾರು ತಂಡಗಳು ಒಮ್ಮೆಗೇ ಕಣದಿಂದ ಹೊರಬೀಳುತ್ತವೆ. ನಮ್ಮಲ್ಲಿ ಕಾಲನಿರ್ಣಯ ಮಾಡುವವರು ಪೂರ್ವಾವಧಿ, ಉತ್ತರಾವಧಿ ಎನ್ನುವುದು ಇದನ್ನೇ. ಹನ್ನೆರಡನೆಯ ಶತಮಾನದ ವಚನವೆಂದು ಯಾರಾದರೂ ತೋರಿಸಿದ ರಚನೆಯಲ್ಲಿ ಹೊಗೆಸೊಪ್ಪಿನ ಮಾತು ಬಂದಿತೆನ್ನಿ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಕಾಲಕ್ಕೆ ಮೊದಲು ಇಲ್ಲಿಗೆ ಬಂದುದಲ್ಲ. ಶೈಲಿ ಎಷ್ಟೇ ಹಳೆಯದಾಗಿ ತೋರಿದರೂ ಆ ಒಂದು ಎಲೆ ಸಾಕು. ಡಿಎಕ್ಸ್7ರ ನಾದ ಈ ಹಾಡಿಗೆ ಅಂತಹ ಹೊಗೆಸೊಪ್ಪು.

ಸಾಹಿತ್ಯದ ಕಡೆಯಿಂದ ಹೊರಟವರಿಗೆ ಬೇರೊಂದು ತೊಡಕು ಎದುರಾಯಿತು. ಹಳೆಯ ಟೇಪು, ಬಾನುಲಿಯ ಸದ್ದು, ಪರಭಾಷೆಯವನ ಇಂಗ್ಲಿಷು – ಮೂರೂ ಕೂಡಿ ಮಾತುಗಳು ಮಸುಕಾಗಿದ್ದವು. ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಕೇಳಿಸಿತು, ಕೇಳಿದ್ದನ್ನು ಬರೆದುಕೊಂಡರು, ಬರೆದುದನ್ನು ಓದಿದವರಿಗೆ ಮುಂದೆ ಹಾಗೆಯೇ ಕೇಳಿಸತೊಡಗಿತು. ಲಿಪಿಕಾರನ ಕಣ್ತಪ್ಪು ಪಾಠಾಂತರವಾಗುವ ಕ್ರಮ ಇದೇ ಅಲ್ಲವೇ? ಹಾಗೆ ಕೇಳಿದ ಸಾಲುಗಳಿಂದ ಆಯ್ದು ಹಾಡಿಗೆ ತಾತ್ಕಾಲಿಕ ಹೆಸರುಗಳನ್ನೂ ಇಟ್ಟರು. ಬಹುಕಾಲ ಪ್ರಚಾರದಲ್ಲಿದ್ದ ಆ ಹೆಸರುಗಳು ಯಾವುವೂ ನಿಜವಾದ ಶೀರ್ಷಿಕೆಯಲ್ಲವೆಂದು ಕೊನೆಗೆ ತಿಳಿಯಿತು. ತಪ್ಪು ಶೀರ್ಷಿಕೆಯನ್ನು ಹಿಡಿದು ಹಳೆಯ ಪಟ್ಟಿಗಳಲ್ಲಿ ಹುಡುಕಿದವರ ಶ್ರಮವನ್ನು ನೆನೆದರೆ ಮರುಕ ಹುಟ್ಟುತ್ತದೆ.

ಕಾಸರಗೋಡಿನವರಾದ ನಮಗೆ ಇಂತಹ ವಿವಾದ ಮನೆಬಾಗಿಲಿನದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣದ ಯಕ್ಷಗಾನ ಪ್ರಸಂಗಗಳು ಅವನವೇ ಅಲ್ಲವೇ ಎಂಬ ಚರ್ಚೆ ದೀರ್ಘಕಾಲ ನಡೆಯಿತು. ಮುಳಿಯ ತಿಮ್ಮಪ್ಪಯ್ಯನವರು ಪಾರ್ತಿಸುಬ್ಬನನ್ನು ಕುರಿತು ಗ್ರಂಥವನ್ನೇ ಬರೆದರು. ಶಿವರಾಮ ಕಾರಂತರು ಆ ಕರ್ತೃತ್ವವನ್ನು ಒಪ್ಪದೆ ಅಜಪುರದ, ಎಂದರೆ ಬ್ರಹ್ಮಾವರದ, ಸುಬ್ಬನ ಕಡೆಗೆ ಬೆರಳು ತೋರಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಪರವಾಗಿ ವಾದಿಸಿದರು. ಈ ವಾದಗಳನ್ನು ಓದುವಾಗ ಒಂದು ಕೆಲಸ ಮಾಡಿ. ‘ಶೈಲಿ ಹೀಗಿದೆ’ ಎಂಬ ಮಾತುಗಳನ್ನು ಒಂದು ಕಡೆಗೂ, ಕಣ್ವಪುರದ ಕೃಷ್ಣನ ಸ್ತುತಿಯಂತಹ, ಓಲೆಪ್ರತಿಯ ಬರಹದಂತಹ ಸಾಕ್ಷ್ಯಗಳನ್ನು ಇನ್ನೊಂದು ಕಡೆಗೂ ಬರೆದುಕೊಳ್ಳಿ. ಎರಡು ಪಟ್ಟಿಗಳ ತೂಕ ಒಂದೇ ಅಲ್ಲವೆಂಬುದು ತಾನಾಗಿ ಕಾಣುತ್ತದೆ. ಹಾಗೆಂದು ಅಂಕಿತವೂ ಪೂರ್ಣ ಪ್ರಮಾಣವಲ್ಲ. ಸರ್ವಜ್ಞನ ಹೆಸರನ್ನು ಕೊನೆಗೆ ಸೇರಿಸಿ ಯಾರು ಬೇಕಾದರೂ ತ್ರಿಪದಿ ಕಟ್ಟಬಹುದಾಗಿತ್ತು, ಕಟ್ಟಿದರು ಕೂಡ.

ಜರ್ಮನಿಯ ಹಾಡಿಗೆ ಮರಳೋಣ. ಕಾಲ 1984ರ ಸುಮಾರು, ನಿಲಯ ಎನ್‌ಡಿಆರ್ ಎಂದು ಗೊತ್ತಾದ ಮೇಲೂ ಹೆಸರು ಸಿಗಲಿಲ್ಲ. ನಿಲಯದ ದಾಖಲೆಗಳಲ್ಲಿ ಹುಡುಕಿದರೂ ದೊರೆಯಲಿಲ್ಲ. ಆದರೆ ಪ್ರಶ್ನೆ ಕಿರಿದಾಗಿತ್ತು: ಆ ವರ್ಷಗಳಲ್ಲಿ ಆ ನಿಲಯಕ್ಕೆ ತಮ್ಮ ಟೇಪನ್ನು ತಲುಪಿಸಬಲ್ಲ ಸಣ್ಣ ತಂಡಗಳು ಯಾವುವು? ಈ ಪ್ರಶ್ನೆಯನ್ನು ಹಿಡಿದ ಶೋಧಕರೊಬ್ಬರು ನಿಲಯ ನಡೆಸಿದ ಸಂಗೀತ ಕಾರ್ಯಕ್ರಮದಲ್ಲಿ ಪಾಲ್ಗೊಂಡಿದ್ದ ಸ್ಥಳೀಯ ತಂಡಗಳ ಸುದ್ದಿಯನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕತೊಡಗಿದರು. ಅಲ್ಲಿ ಫೆಕ್ಸ್ ಎಂಬ ತಂಡದ ಹೆಸರು ಸಿಕ್ಕಿತು. ಅದರ ಹಿಂದಿನ ಸದಸ್ಯರೊಬ್ಬರನ್ನು ಸಂಪರ್ಕಿಸಿದಾಗ ಅವರು ತಮ್ಮ ಬಳಿಯಿದ್ದ ಹಳೆಯ ಧ್ವನಿಮುದ್ರಣಗಳನ್ನು ಕಳುಹಿಸಿದರು. ಹುಡುಕುತ್ತಿದ್ದ ಹಾಡು ಅವುಗಳಲ್ಲಿಯೇ ಇತ್ತು. 2024ರ ನವೆಂಬರ್ 4ರಂದು ಹೆಸರು ಬಹಿರಂಗವಾಯಿತು: ‘ಸಬ್‌ವೇಸ್ ಆಫ್ ಯುವರ್ ಮೈಂಡ್.’

ಫೆಕ್ಸ್ ತಂಡ ಬಾಲ್ಟಿಕ್ ಕಡಲತೀರದ ಕೀಲ್ ನಗರದ್ದು. ಆ ನಗರ ಎನ್‌ಡಿಆರ್ ನಿಲಯದ ಪ್ರಸಾರ ವಲಯದ ಒಳಗೇ ಇದೆ. ಯುರೋಪಿನ ಮೂಲೆಮೂಲೆಯನ್ನು ಊಹಿಸಿದವರಿಗೆ ಹಾಡು ಸಿಕ್ಕಿದ್ದು ಅದು ಕೇಳಿಬಂದ ನಾಡಿನಲ್ಲಿ. ಅಂತಿಮ ಹೆಜ್ಜೆಯಲ್ಲಿ ಕಿವಿಯ ಚಾತುರ್ಯವೂ ಇರಲಿಲ್ಲ, ಯಂತ್ರದ ಪವಾಡವೂ ಇರಲಿಲ್ಲ. ಸ್ಥಳೀಯ ಪತ್ರಿಕೆಯ ಹಳೆಯ ಪುಟಗಳನ್ನು ತಾಳ್ಮೆಯಿಂದ ಓದಿದ ಕಣ್ಣುಗಳಿದ್ದವು. ಅವತ್ತಿನ ವರದಿಗಾರ ಯಾರೋ ತಂಡದ ಹೆಸರನ್ನು ಬರೆಯದೆ ‘ಸ್ಥಳೀಯ ಯುವಕರು ಹಾಡಿದರು’ ಎಂದು ಮುಗಿಸಿದ್ದರೆ ಈ ಕೊಂಡಿ ಸಿಗುತ್ತಿರಲಿಲ್ಲ. (ನಮ್ಮ ಪತ್ರಿಕೆಗಳ ಕಾರ್ಯಕ್ರಮ ವರದಿಗಳಲ್ಲಿ ಉದ್ಘಾಟಕರ ಹೆಸರು ತಪ್ಪದೆ ಇರುತ್ತದೆ, ಹಾಡಿದವರ ಹೆಸರು ಇರುವುದು ಅವರ ಅದೃಷ್ಟ.)

ಹೆಸರು ತಿಳಿದ ಮೇಲೆ ಹಾಡೇನೂ ಬದಲಾಗಲಿಲ್ಲ. ಆದರೆ ಅದನ್ನು ಮಾಡಿದವರು ನಾಲ್ಕು ದಶಕಗಳ ಅನಂತರ ಜನರ ಮುಂದೆ ಬಂದರು. ಅವರು ಬದುಕಿದ್ದಾಗಲೇ ಇದು ನಡೆದುದು ಭಾಗ್ಯ. ನಮ್ಮ ಮನೆಗಳ ಅಟ್ಟದಲ್ಲಿಯೂ ಕ್ಯಾಸೆಟ್ಟುಗಳಿವೆ: ರಾತ್ರಿಯಿಡೀ ನಡೆದ ತಾಳಮದ್ದಳೆ, ಮಂಗಳೂರು ಆಕಾಶವಾಣಿಯಿಂದ ಇಳಿಸಿಕೊಂಡ ಪದಗಳು, ಅಜ್ಜಿಯರು ಹಾಡಿದ ಸೋಬಾನೆ. ಮೇಲಿನ ಚೀಟಿಯಲ್ಲಿ ಬಹುಮಟ್ಟಿಗೆ ಪ್ರಸಂಗದ ಹೆಸರು ಮಾತ್ರ ಇರುತ್ತದೆ, ಭಾಗವತರ ಹೆಸರು ಇರುವುದಿಲ್ಲ. ದನಿಯೇ ಹೇಳುತ್ತದಲ್ಲ ಎಂದು ಆಗ ಯಾರೂ ಬರೆಯಲಿಲ್ಲ. ಆ ದನಿಯನ್ನು ಗುರುತಿಸಬಲ್ಲವರು ಈಗ ಎಪ್ಪತ್ತು ದಾಟಿದ್ದಾರೆ. ಈ ಸಲದ ಕ್ಷೇತ್ರಕಾರ್ಯಕ್ಕೆ ಹೊರಡುವವರು ಕ್ಯಾಸೆಟ್ಟನ್ನು ಹಾಕಿ ಮೊದಲು ಹಾಡನ್ನಲ್ಲ, ಹಾಡು ಮೊದಲಾಗುವುದಕ್ಕೆ ಮುಂಚಿನ ಗದ್ದಲವನ್ನು ಕೇಳಿ. ಯಾರೋ ಯಾರನ್ನೋ ಹೆಸರು ಹಿಡಿದು ಕರೆದಿರಬಹುದು.