ಬೆಳ್ಳಿಯ ತಗಡಿನಲ್ಲಿ ಮೂಡಿದ ಮಿನಾರುಗಳು

ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಅಯೋಡಿನ್ ಆವಿಗೆ ಹಿಡಿದು, ಕ್ಯಾಮೆರಾದಲ್ಲಿಟ್ಟು ಬೆಳಕಿಗೆ ಒಡ್ಡಿ, ಪಾದರಸದ ಆವಿಯಿಂದ ಬಿಂಬವನ್ನು ಮೂಡಿಸುವ ಡಾಗೆರೋಟೈಪ್ ವಿಧಾನವು 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಅದು ಇನ್ನೂ ಹೊಸದಾಗಿದ್ದಾಗಲೇ, 1842ರಲ್ಲಿ, ಫ್ರಾನ್ಸಿನ ಜೋಸೆಫ್ ಫಿಲಿಬೇರ್ ಜಿರೋ ದ ಪ್ರಾಂಜೆ ಭಾರವಾದ ಸಲಕರಣೆಗಳೊಡನೆ ಹೊರಟು, ಮೂರು ವರ್ಷ ಸಂಚರಿಸಿ, ಒಟ್ಟೋಮನ್ ಸಾಮ್ರಾಜ್ಯದ ಇಸ್ತಾಂಬುಲ್, ಕೈರೋ, ಜೆರುಸಲೇಮ್‌ಗಳ ಕಟ್ಟಡಗಳನ್ನು ಸೆರೆಹಿಡಿದರು. ಚಿತ್ರಕಲೆಯಲ್ಲಿ ಪಳಗಿ, ಇಸ್ಲಾಮೀ ವಾಸ್ತುಶಿಲ್ಪವನ್ನು ಆಳವಾಗಿ ಅಭ್ಯಸಿಸಿದ್ದ ಅವರು ಮಿನಾರುಗಳ ಎತ್ತರಕ್ಕೆ ಒಪ್ಪುವಂತೆ ತಗಡನ್ನು ನೀಳವಾದ ಪಟ್ಟಿಗಳಾಗಿ ಬಳಸಿದ್ದು ನಿಜಕ್ಕೂ ಮೆಚ್ಚತಕ್ಕ ವಿವೇಚನೆ. ನೆಗೆಟಿವ್ ಇಲ್ಲದ ಈ ವಿಧಾನದಲ್ಲಿ ಪ್ರತಿಯೊಂದು ತಗಡೂ ಏಕೈಕ ಪ್ರತಿಯಾದ್ದರಿಂದ, ಒಂದು ಕಳೆದುಹೋದರೂ ಆ ನೋಟವೇ ಅಳಿಯುತ್ತಿತ್ತು; ಆದರೆ ಅವರು ಜೋಪಾನವಾಗಿರಿಸಿದ್ದ ನೂರಾರು ತಗಡುಗಳು, 1892ರಲ್ಲಿ ಅವರು ತೀರಿಕೊಂಡ ಎಷ್ಟೋ ಕಾಲದ ಬಳಿಕ, 1920ರ ದಶಕದಲ್ಲಿ ಅವರ ಮನೆಯಲ್ಲಿ ದೊರೆತವು.