ಮಜ್ಜಿಗೆ ಹುಲ್ಲಿನ ಕುಂಡ ಇಟ್ಟರೆ ಸೊಳ್ಳೆ ಬರುವುದಿಲ್ಲವೇ?

ಮಳೆಗಾಲ ಶುರುವಾದರೆ ಸಾಕು, ಮೊಬೈಲ್‌ಗೆ ಇಂಥದ್ದೊಂದು ಸಂದೇಶ ಬರುತ್ತದೆ: ಬಾಗಿಲ ಬಳಿ ಒಂದು ಕುಂಡ ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು) ಇಡಿ, ಸೊಳ್ಳೆ ಹತ್ತಿರ ಸುಳಿಯುವುದಿಲ್ಲ, ಡೆಂಗಿ ಭಯವೂ ಇಲ್ಲ. ಇದರಲ್ಲಿ ನಿಜವೆಷ್ಟು, ನೋಡೋಣ.

ಈ ಮಾತು ಬಂದದ್ದು ಎಲ್ಲಿಂದ?

ಸಿಟ್ರೊನೆಲ್ಲಾ ಎಣ್ಣೆಯ ವಾಸನೆಗೆ ಸೊಳ್ಳೆ ದೂರ ಹೋಗುತ್ತದೆ ಎಂಬುದು ನಿಜ. ಆದರೆ ಆ ಎಣ್ಣೆ ತೆಗೆಯುವುದು ಮಜ್ಜಿಗೆ ಹುಲ್ಲಿನಿಂದಲ್ಲ, ಅದೇ ಕುಲದ ಬೇರೆ ಹುಲ್ಲಿನಿಂದ. ಮಜ್ಜಿಗೆ ಹುಲ್ಲಿಗೆ ನಿಂಬೆಯ ಪರಿಮಳ ಕೊಡುವುದು ಸಿಟ್ರಾಲ್ ಎಂಬ ಅಂಶ. ಇದರ ಎಣ್ಣೆಗೂ ಸೊಳ್ಳೆ ಓಡಿಸುವ ಗುಣ ಸ್ವಲ್ಪ ಇದೆ. ಆದರೆ ಇಂಥ ಎಣ್ಣೆಗಳು ಬೇಗ ಆವಿಯಾಗುತ್ತವೆ. ಮೈಗೆ ಹಚ್ಚಿಕೊಂಡರೂ ಪರಿಣಾಮ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಹಾಗಾದರೆ ಗಿಡ?

ಎಣ್ಣೆ ಇರುವುದು ಎಲೆಯ ಒಳಗೆ. ಎಲೆಯನ್ನು ಕತ್ತರಿಸಿದಾಗ, ಜಜ್ಜಿದಾಗ ಅದು ಹೊರಬರುತ್ತದೆ. ಗಿಡದ ಪಕ್ಕ ಸುಮ್ಮನೆ ನಿಂತರೆ ನಮಗೇ ಅಷ್ಟಾಗಿ ವಾಸನೆ ಬರುವುದಿಲ್ಲ, ಎಲೆ ಉಜ್ಜಿದರೆ ಘಮ್ಮೆನ್ನುತ್ತದೆ. ಕುಂಡದಲ್ಲಿ ಸುಮ್ಮನೆ ನಿಂತ ಗಿಡ ಇಡೀ ಮನೆಯನ್ನು ಕಾಯಲಾರದು.

ಅಪಾಯ ಕುಂಡದ ಕೆಳಗಿದೆ

ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಮನೆಯ ಸುತ್ತ ನಿಂತ ನೀರಿನಲ್ಲಿ. ಕುಂಡದ ಕೆಳಗಿನ ತಟ್ಟೆಯ ನೀರು ಅದಕ್ಕೆ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಮೊಟ್ಟೆಗಳು ನೀರಿನ ಅಂಚಿನಲ್ಲಿ ಪಾತ್ರೆಗೆ ಅಂಟಿಕೊಂಡಿರುತ್ತವೆ, ನೀರು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಸೊಳ್ಳೆ ಓಡಿಸಲು ತಂದ ಗಿಡವೇ ಸೊಳ್ಳೆ ಸಾಕುವಂತಾಗಬಾರದು.

ಬೆಳೆಸುವುದು ಹೇಗೆ?

ಬುಡವಿರುವ ನಾಲ್ಕೈದು ದಂಟುಗಳನ್ನು ಲೋಟದ ನೀರಿನಲ್ಲಿಡಿ, ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ಬೇರು ಬಿಟ್ಟ ಮೇಲೆ ತಳದಲ್ಲಿ ತೂತಿರುವ ದೊಡ್ಡ ಕುಂಡಕ್ಕೆ ನೆಡಿ. ಚೆನ್ನಾಗಿ ಬಿಸಿಲು ಬೀಳುವ ಜಾಗ ಬೇಕು. ಪೊದೆ ದಟ್ಟವಾದಾಗ ಬುಡ ಬಿಡಿಸಿ ಬೇರೆ ಕುಂಡಕ್ಕೆ ಹಾಕಬಹುದು. ಎಲೆಯ ಅಂಚು ಹರಿತ, ಕೈಯಿಂದ ಎಳೆಯದೆ ಕತ್ತರಿಯಿಂದ ಕತ್ತರಿಸಿ.

ಬಳಸುವುದು ಹೇಗೆ?

ಎರಡು ಎಲೆ ಕತ್ತರಿಸಿ ಶುಂಠಿಯೊಂದಿಗೆ ಐದು ನಿಮಿಷ ಕುದಿಸಿ ಸೋಸಿದರೆ ಒಳ್ಳೆಯ ಕಷಾಯ. ಜಜ್ಜಿ ಮಜ್ಜಿಗೆಗೆ ಹಾಕಿದರೆ ಬೇಸಿಗೆಗೆ ಹಿತ. ಆದರೆ ಇದು ಡೆಂಗಿಗೆ ಔಷಧವಲ್ಲ. ಅಂಗಡಿಯ ಎಣ್ಣೆಯನ್ನು ಕುಡಿಯಬಾರದು, ನೇರವಾಗಿ ಮೈಗೆ ಹಚ್ಚಲೂಬಾರದು. ಗರ್ಭಿಣಿಯರು ಔಷಧದಂತೆ ಹೆಚ್ಚು ಬಳಸುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಸೊಳ್ಳೆಗೆ ಏನು ಮಾಡಬೇಕು?

ಡ್ರಮ್, ತೊಟ್ಟಿಗಳನ್ನು ಮುಚ್ಚಿಡಿ. ಹಳೇ ಟೈರು, ತೆಂಗಿನ ಚಿಪ್ಪು ಹೊರಗೆ ಬಿಡಬೇಡಿ. ಕಿಟಕಿಗೆ ಜಾಲರಿ ಹಾಕಿಸಿ. ಈಡಿಸ್ ಹೆಚ್ಚಾಗಿ ಕಚ್ಚುವುದು ಹಗಲಿನಲ್ಲಿ, ಹಾಗಾಗಿ ಹಗಲು ಮಲಗುವ ಮಕ್ಕಳಿಗೂ ಸೊಳ್ಳೆಪರದೆ ಬೇಕು. ಜ್ವರ ಎರಡು ದಿನ ದಾಟಿದರೆ ರಕ್ತಪರೀಕ್ಷೆ ಮಾಡಿಸಿ. ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ಸಂದೇಶ ನಿಮಗೂ ಬಂದರೆ ಒಂದು ಸಾಲು ಸೇರಿಸಿ ಕಳುಹಿಸಿ: ಗಿಡ ನೆಡಿ, ತಟ್ಟೆಯ ನೀರು ಚೆಲ್ಲಿ ತೊಳೆಯಿರಿ.