ನೆರೆಹೊರೆಯ ವ್ಯಾಕರಣ

ಕ್ರಾಂತಿಯ ರಷ್ಯಾವನ್ನು ಬಿಟ್ಟು ಬಂದ ನಿಕೊಲಾಯ್ ತ್ರುಬೆತ್ಸ್ಕೊಯ್ ಎಂಬ ತರುಣ ವಿದ್ವಾಂಸರಿಗೆ 1920ರಲ್ಲಿ ಪಾಠ ಹೇಳುವ ಕೆಲಸ ಕೊಟ್ಟದ್ದು ಬಲ್ಗೇರಿಯಾದ ಸೋಫಿಯಾ ವಿಶ್ವವಿದ್ಯಾಲಯ. ಎರಡು ವರ್ಷ ಅಲ್ಲಿದ್ದು ಅವರು ವಿಯೆನ್ನಾಕ್ಕೆ ಹೋದರು. 1923ರ ಲೇಖನವೊಂದರಲ್ಲಿ ಅವರು ಹೇಳಿದ್ದಿಷ್ಟು: ಎರಡು ಭಾಷೆಗಳು ಒಂದನ್ನೊಂದು ಹೋಲಬೇಕಾದರೆ ಒಂದೇ ತಾಯಿಯ ಮಕ್ಕಳಾಗಿರಬೇಕೆಂದಿಲ್ಲ, ತಲೆಮಾರುಗಟ್ಟಲೆ ಅಕ್ಕಪಕ್ಕದಲ್ಲಿ ಬಾಳಿದರೂ ಆದೀತು. ಅದಕ್ಕೆ ಅವರು ಕೊಟ್ಟ ಉದಾಹರಣೆ ಬಲ್ಗೇರಿಯನ್ ಸೇರಿದ ಬಾಲ್ಕನ್ ಭಾಷೆಗಳು.

ಸೋಫಿಯಾದ ಈ ವಿಶ್ವವಿದ್ಯಾಲಯ 1888ರಲ್ಲಿ ಶಿಕ್ಷಕರ ತರಬೇತಿಯ ಉನ್ನತ ತರಗತಿಯಾಗಿ ಹುಟ್ಟಿತು. ಮೊದಲು ತೆರೆದದ್ದೇ ಇತಿಹಾಸ ಮತ್ತು ಭಾಷಾಸಾಹಿತ್ಯದ ವಿಭಾಗ. ಇಂದಿಗೂ ಇಲ್ಲಿ ಬಲ್ಗೇರಿಯನ್ ಓದುವವರಿಗೆ ಭಾಷೆ ಬೇರೆ, ಸಾಹಿತ್ಯ ಬೇರೆ ಎಂಬ ವಿನಾಯಿತಿ ಇಲ್ಲ. ಆಧುನಿಕ ಕಾದಂಬರಿಯ ಮೇಲೆ ಪ್ರಬಂಧ ಬರೆಯಬೇಕೆಂದು ಬಂದವರೂ ಒಂಬತ್ತು-ಹತ್ತನೇ ಶತಮಾನದ ಹಳೆಯ ಬಲ್ಗೇರಿಯನ್ನಿನ ಜೊತೆ ಗುದ್ದಾಡಲೇಬೇಕು.

ಸಂಶೋಧನೆಗೆ ಕೈಹಾಕುವ ವಿದ್ಯಾರ್ಥಿಗೆ ಬಲ್ಗೇರಿಯನ್ನಿಗಿಂತ ಒಳ್ಳೆಯ ಭಾಷೆ ಸಿಗುವುದು ಕಷ್ಟ. ಹುಟ್ಟಿನಿಂದ ಅದು ರಷ್ಯನ್, ಪೋಲಿಷ್‌ಗಳ ಬಂಧು. ನಡತೆಯಲ್ಲಿ ಮಾತ್ರ ಆ ಬಂಧುಗಳಿಗಿಂತ ನೆರೆಯ ರುಮೇನಿಯನ್, ಅಲ್ಬೇನಿಯನ್, ಗ್ರೀಕ್‌ಗಳ ಹಾಗೆ. ರಷ್ಯನ್ನಿನಲ್ಲಿ ಆರು ವಿಭಕ್ತಿಗಳಿವೆ. ಬಲ್ಗೇರಿಯನ್ ನಾಮಪದ ಅವನ್ನು ಹೆಚ್ಚುಕಡಿಮೆ ಕಳಚಿಹಾಕಿದೆ. ‘ಕ್ನಿಗ’ ಎಂದರೆ ಪುಸ್ತಕ, ‘ಕ್ನಿಗತ’ ಎಂದರೆ ನಾವು ಮಾತಾಡುತ್ತಿರುವ ಆ ಪುಸ್ತಕ. ರುಮೇನಿಯನ್, ಅಲ್ಬೇನಿಯನ್ನುಗಳೂ ‘ಆ’ ಎಂಬ ಅರ್ಥದ ಇಂಥ ಪ್ರತ್ಯಯವನ್ನು ಪದದ ಕೊನೆಗೇ ಅಂಟಿಸುತ್ತವೆ. ಯಾರಿಂದ ಯಾರು ಕಲಿತರು? ನೂರಾರು ಪ್ರಬಂಧಗಳಾದರೂ ವಾದ ಮುಗಿದಿಲ್ಲ.

ಕನ್ನಡಿಗರಿಗೆ ಹೆಚ್ಚು ರುಚಿಸುವುದು ಅಲ್ಲಿನ ಕ್ರಿಯಾಪದ. ‘ತೊಯ್ ದೊಯ್ದೆ’ ಎಂದರೆ ಅವನು ಬಂದ, ನಾನೇ ಕಂಡೆ. ‘ತೊಯ್ ದೊಶಲ್’ ಎಂದರೆ ಬಂದನಂತೆ. ನಾವು ‘ಅಂತೆ’ ಸೇರಿಸಿ ಮುಗಿಸುವುದನ್ನು ಅಲ್ಲಿ ಕ್ರಿಯಾಪದ ತನ್ನ ರೂಪವನ್ನೇ ಬದಲಿಸಿಕೊಂಡು ಹೇಳುತ್ತದೆ. ಅಜ್ಜಿಕತೆಗಳೆಲ್ಲ ಈ ರೂಪದಲ್ಲೇ ಸಾಗುತ್ತವೆ, ನಮ್ಮಲ್ಲಿ ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ ಎಂದು ಶುರುವಾಗುವ ಹಾಗೆ. ಮಂತ್ರಿಯ ಹೇಳಿಕೆಯನ್ನು ಪತ್ರಿಕೆ ಹೀಗೆ ಬರೆದರೆ ಮಾತಿನ ಹೊಣೆ ಪತ್ರಕರ್ತನ ತಲೆಗೆ ಬರುವುದಿಲ್ಲ; ಒಮ್ಮೊಮ್ಮೆ ಅದರಲ್ಲಿ ನಂಬಿಕೆಯಿಲ್ಲದ ಕುಹಕವೂ ಇಣುಕುತ್ತದೆ. ಈ ಕ್ರಿಯಾರೂಪ ಆಟೊಮನ್ ಆಳ್ವಿಕೆಯ ಕಾಲದಲ್ಲಿ ತುರ್ಕಿಯ ಪ್ರಭಾವದಿಂದ ಬೆಳೆಯಿತೆಂದು ಹಲವರು, ಸ್ವಂತದ್ದೇ ಎಂದು ಕೆಲವರು. ವ್ಯಾಕರಣ, ಸುದ್ದಿಬರಹ, ಕಥನಕಲೆ ಮೂರೂ ಒಂದೇ ಪ್ರತ್ಯಯದಲ್ಲಿ ಸಂಧಿಸುವ ಇಂಥ ವಿಷಯ ಸಿಕ್ಕ ವಿದ್ಯಾರ್ಥಿ ಪುಣ್ಯವಂತ.

ಪುಸ್ತಕದಾಚೆಯ ಕೆಲಸವೂ ಉಂಟು. ಹಳ್ಳಿಗಳಿಗೆ ಹೋಗಿ ಹಿರಿಯರ ಮಾತನ್ನು ದಾಖಲಿಸುವುದು ಇಲ್ಲಿನ ಓದಿನ ಹಳೆಯ ಪದ್ಧತಿ. ಸೋಫಿಯಾದಲ್ಲೇ ಪಾಠ ಮಾಡುತ್ತಿದ್ದ ಸ್ತೊಯ್ಕೊ ಸ್ತೊಯ್ಕೊವ್ ಅವರ ಉಪಭಾಷಾ ಶಾಸ್ತ್ರದ ಪಠ್ಯ ಬಂದದ್ದು 1962ರಲ್ಲಿ. ಅವರ ಮುಂದಾಳ್ತನದ ಉಪಭಾಷಾ ಭೂಪಟದ ಮೊದಲ ಸಂಪುಟ 1964ರಲ್ಲಿ. ದೇಶವನ್ನು ಪೂರ್ವ-ಪಶ್ಚಿಮ ಎಂದು ಸೀಳುವ ಗೆರೆಯೊಂದು ಈ ಭೂಪಟಗಳಲ್ಲಿ ಎದ್ದು ಕಾಣುತ್ತದೆ. ‘ಬಿಳಿ’ಗೆ ಪೂರ್ವದವರು ‘ಬ್ಯಾಲ್’ ಅಂದರೆ ಪಶ್ಚಿಮದವರು ‘ಬೆಲ್’ ಅನ್ನುತ್ತಾರೆ.

ಸಾಹಿತ್ಯದ ಕಡೆಯ ಹೆಸರುಗಳನ್ನು ನಮ್ಮ ವಿಮರ್ಶೆಯ ಓದುಗರು ಬಲ್ಲರು, ಊರು ಮಾತ್ರ ಮರೆತಿರುತ್ತಾರೆ. ಪ್ಯಾರಿಸ್ಸಿನವರೆಂದೇ ಹೆಸರಾದ ತ್ಸ್ವೆತಾನ್ ತೊದೊರೊವ್, ಜೂಲಿಯಾ ಕ್ರಿಸ್ತೆವಾ ಇಬ್ಬರೂ ಓದಿದ್ದು ಸೋಫಿಯಾದಲ್ಲಿ. 2023ರ ಅಂತರರಾಷ್ಟ್ರೀಯ ಬೂಕರ್ ಪಡೆದ ಗೆಯೊರ್ಗಿ ಗೊಸ್ಪೊದಿನೊವ್ ಅಲ್ಲೇ ಬಲ್ಗೇರಿಯನ್ ಭಾಷಾಸಾಹಿತ್ಯ ಕಲಿತವರು.

ತ್ರುಬೆತ್ಸ್ಕೊಯ್ ವಿಚಾರ ಭಾರತಕ್ಕೂ ಬಂತು. ಕೊಡವ, ತೋಡ, ಕೋತ ಭಾಷೆಗಳನ್ನು ಸ್ಥಳದಲ್ಲೇ ಕಲಿತು ವಿವರಿಸಿದ ಮರ್ರೇ ಎಮಿನೋ 1956ರಲ್ಲಿ ಇಡೀ ಭಾರತವನ್ನೇ ಒಂದು ಭಾಷಾವಲಯವೆಂದು ಕರೆದರು. ಟ-ಡ-ಣಗಳ ನಾಲಿಗೆ ಮಡಿಸುವ ಉಚ್ಚಾರ, ಪುಸ್ತಕ-ಗಿಸ್ತಕದಂಥ ಜೋಡಿಗಳು ಆರ್ಯ, ದ್ರಾವಿಡವೆನ್ನದೆ ಹರಡಿರುವುದನ್ನು ಅವರು ಎತ್ತಿ ತೋರಿಸಿದರು. ಬಾಲ್ಕನ್ನಿನ ಭಾಷೆಗಳನ್ನು ಕುರಿತು ಹುಟ್ಟಿದ ಪ್ರಶ್ನೆ ನಮ್ಮ ಭಾಷೆಗಳನ್ನು ಓದುವ ಬಗೆಯನ್ನೇ ಬದಲಿಸಿತು.

ಇತ್ತ ಬಲ್ಗೇರಿಯಾದಲ್ಲಿ ಭಾಷೆಯ ಗೀಳು ಹೈಸ್ಕೂಲಿನಲ್ಲೇ ಹತ್ತುತ್ತದೆ. ಶಾಲಾ ಮಕ್ಕಳ ಅಂತರರಾಷ್ಟ್ರೀಯ ಭಾಷಾಶಾಸ್ತ್ರ ಒಲಿಂಪಿಯಾಡ್ 2003ರಲ್ಲಿ ಮೊದಲು ನಡೆದದ್ದು ಅಲ್ಲಿನ ಬೊರೊವೆತ್ಸ್ ಎಂಬ ಬೆಟ್ಟದೂರಿನಲ್ಲಿ. 2016ರಲ್ಲಿ ಅದು ನಮ್ಮ ಮೈಸೂರಿಗೂ ಬಂದಿತ್ತು. ಆ ವರ್ಷ ಪ್ರಾಚೀನ ಲುವಿಯನ್ ಚಿತ್ರಲಿಪಿಯಿಂದ ಪೆರುವಿನ ಹಕಾರುವರೆಗೆ ಐದು ಪ್ರಶ್ನೆ, ಆರು ಗಂಟೆ. ಆ ಭಾಷೆಗಳ ಗಂಧಗಾಳಿಯೂ ಮಕ್ಕಳಿಗೆ ಇರಬೇಕಿಲ್ಲ. ಮುಂದಿಟ್ಟ ಒಂದಷ್ಟು ಪದ, ವಾಕ್ಯಗಳನ್ನು ಹೋಲಿಸಿ ನೋಡಿ, ವ್ಯಾಕರಣವನ್ನು ತಾವೇ ಕಂಡುಹಿಡಿಯಬೇಕು.